ಅಕ್ಕ ಎಂದು ಬರೆದ ಕಾಗದ

ಫಾರ್ಮ್ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಬಹರೈನಿನ ಈ ಗುದೈಬಿಯಾ ಬಡಾವಣೆಯಲ್ಲಿ ಯಾರೂ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಮನಾಮಾದ ಒಂದು ಕಟ್ಟಡ ಸಾಮಗ್ರಿಯ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಾಗದಪತ್ರ ನೋಡಿಕೊಳ್ಳುವುದೇ ನನ್ನ ಕೆಲಸ. ನಮ್ಮ ಕಟ್ಟಡದಲ್ಲಿ ಯಾರದಾದರೂ ಪಾಸ್‌ಪೋರ್ಟ್ ಅವಧಿ ಮುಗಿಯಲು ಬಂದರೆ, ಮಗುವಿನ ಜನನ ಪತ್ರ ಮಾಡಿಸಬೇಕಾದರೆ, ಇಲ್ಲಿಯ ಗುರುತಿನ ಚೀಟಿಯಾದ ಸಿಪಿಆರ್ ಕಾರ್ಡಿನಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೆ, ಜನ ಮೊದಲು ತಟ್ಟುವುದು ನನ್ನ ಬಾಗಿಲು. ನಾನು ಬೈಯುತ್ತಲೇ ತುಂಬಿಕೊಡುತ್ತೇನೆ. ‘ಇಲ್ಲಿ ತಂದೆಯ ಹೆಸರು ಅಂತ ಉಂಟಲ್ಲ, ನೀವು ಯಾಕೆ ಊರಿನ ಹೆಸರು ಬರ್ದದ್ದು?’ ಎಂದು ನಾನು ಕೂಗುವುದು ಕೆಳಗಿನ ಮೆಟ್ಟಿಲಿನವರೆಗೂ ಕೇಳಿಸುತ್ತದೆ ಎಂದು ನನ್ನ ಗಂಡ ನಗುತ್ತಾರೆ.

ಅಂಥ ನಾನು ನನ್ನ ಸ್ವಂತ ಕಾಗದದಲ್ಲಿ ತಪ್ಪು ಮಾಡಿದೆ. ಅದೂ ಒಂದೇ ಒಂದು ಪದ ಬರೆಯಬೇಕಾದ ಜಾಗದಲ್ಲಿ. ಸಂಬಂಧ ಏನು ಎಂದು ಕೇಳಿದ್ದರು. ನಾನು ಅಕ್ಕ ಎಂದು ಬರೆದೆ.

ಊರಿನಲ್ಲಿ ನಮ್ಮದೊಂದು ಮನೆ ಇದೆ. ರೈಲ್ವೆ ಗೇಟಿನ ಹತ್ತಿರ, ಐದು ಸೆಂಟ್ಸ್ ಜಾಗದಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ, ಎದುರಿಗೆ ಶೀಟು ಹಾಕಿದ ಜಗಲಿ. ಅಮ್ಮ ಸರಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಅಪ್ಪ ಬೇಗ ಹೋದರು. ಆಮೇಲೆ ಅಮ್ಮ ಒಬ್ಬರೇ ನಿಂತು ಕಟ್ಟಿಸಿದ ಮನೆ ಅದು. ಜಗಲಿಯಲ್ಲಿ ಅಕ್ಕನ ಹೊಲಿಗೆ ಮೆಶಿನ್ ಇದೆ. ಮೂವತ್ತು ವರ್ಷದಿಂದ ಅವಳು ಅಲ್ಲೇ ಕೂತು ಆ ಕಡೆಯ ಅರ್ಧ ಹೆಂಗಸರ ರವಿಕೆ ಹೊಲಿದಿದ್ದಾಳೆ. ಮದುವೆಯಾಗಲಿಲ್ಲ. ಬಂದ ಸಂಬಂಧಗಳೆಲ್ಲ ‘ಹುಡುಗಿಯ ಅಪ್ಪ ಯಾರು, ಎಲ್ಲಿದ್ದಾರೆ’ ಎನ್ನುವಲ್ಲಿಗೆ ನಿಂತುಹೋದವು. ಅಮ್ಮ ಹಾಸಿಗೆ ಹಿಡಿದ ಕೊನೆಯ ಮೂರು ವರ್ಷ ಮಗ್ಗುಲು ಬದಲಿಸಿದವಳು, ಮೈ ಒರೆಸಿದವಳು, ಗಂಜಿ ಕುಡಿಸಿದವಳು ಅವಳು. ನಾನು ಇಲ್ಲಿಂದ ವೀಡಿಯೊ ಕಾಲ್ ಮಾಡಿ ‘ಅಮ್ಮ, ಔಷಧಿ ತಗೊಂಡ್ರಾ?’ ಎಂದು ಕೇಳುತ್ತಿದ್ದವಳು. ಇವರಿಬ್ಬರಲ್ಲಿ ಮಗಳು ಯಾರು ಎಂದು ದಾರಿಯಲ್ಲಿ ಹೋಗುವವರನ್ನು ಕೇಳಿದ್ದರೂ ಸರಿಯಾಗಿಯೇ ಹೇಳುತ್ತಿದ್ದರು.

ಆದರೆ ಅಕ್ಕ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಅಮ್ಮನ ಅಕ್ಕನ ಮಗಳು. ದೊಡ್ಡಮ್ಮ ಹೆರಿಗೆಯಾದ ಹನ್ನೊಂದನೆಯ ದಿನ ತೀರಿಹೋದರಂತೆ. ಅದೇ ತಿಂಗಳು ಅಮ್ಮನ ಚೊಚ್ಚಲ ಮಗುವೂ ಹೋಗಿತ್ತು. ಅಜ್ಜಿ ತಾಯಿಯಿಲ್ಲದ ಮಗುವನ್ನು ತಂದು ಮಗುವಿಲ್ಲದ ತಾಯಿಯ ಮಡಿಲಿಗೆ ಹಾಕಿದರು. ದೊಡ್ಡಮ್ಮನ ಗಂಡ ಮುಂಬಯಿಯ ಹೋಟೆಲ್ ಕೆಲಸಕ್ಕೆ ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿದರು, ಈ ಕಡೆ ತಲೆ ಹಾಕಲಿಲ್ಲ. ಐದು ವರ್ಷದ ಮೇಲೆ ನಾನು ಹುಟ್ಟಿದೆ. ಅವಳು ಕುಡಿದು ಬಿಟ್ಟ ಎದೆಯಲ್ಲಿ ನಾನು ಕುಡಿದೆ. ಇದು ಮನೆಯಲ್ಲಿ ಗುಟ್ಟಾಗಿರಲಿಲ್ಲ, ಹಾಗೆಂದು ಕೂತು ಮಾತಾಡುವ ಸಂಗತಿಯೂ ಆಗಿರಲಿಲ್ಲ. ನಮ್ಮಲ್ಲಿ ಮಾವನ ಮಗ ಭಾವನಾಗುತ್ತಾನೆ, ಆದರೆ ದೊಡ್ಡಮ್ಮನ ಮಗಳು ಅಕ್ಕನೇ. ಅದಕ್ಕೆ ಬೇರೆ ಪದ ನಮ್ಮ ಬಾಯಲ್ಲಿ ಇಲ್ಲ. ಶಾಲೆಗೆ ಸೇರಿಸುವಾಗ ಮಾತ್ರ ಅಜ್ಜಿ ಮಾಸ್ತರರಿಗೆ ಹೆತ್ತವರ ಹೆಸರನ್ನೇ ಬರೆಸಿದ್ದರು. ಸತ್ತ ಮಗಳ ಹೆಸರು ಎಲ್ಲಾದರೂ ಒಂದು ಕಡೆ ಉಳಿಯಲಿ ಎಂದಿತ್ತೋ ಏನೋ. ಆಮೇಲೆ ಅಕ್ಕನ ಎಲ್ಲ ಕಾಗದಗಳೂ ಆ ಒಂದು ರಿಜಿಸ್ಟರಿನ ಹಿಂದೆಯೇ ಹೋದವು.

ಕಳೆದ ವರ್ಷ ಅಮ್ಮ ತೀರಿಹೋದಾಗ ನನ್ನ ರಜೆಯೆಲ್ಲ ಅದಕ್ಕೇ ಮುಗಿಯಿತು. ಕಾರ್ಯ ಕಳೆದ ಮೇಲೆ ಉಳಿದ ನಾಲ್ಕು ದಿನಗಳಲ್ಲಿ, ನಾನು ಕಾಗದದಲ್ಲಿ ಜೋರಿನವಳಲ್ಲವೇ, ವಂಶವೃಕ್ಷ ಮಾಡಿಸಿ ಖಾತೆ ಬದಲಾವಣೆಗೆ ಹಾಕಿದೆ. ಗ್ರಾಮ ಲೆಕ್ಕಿಗರು ಮನೆಗೇ ಬಂದು ಜಗಲಿಯಲ್ಲಿ ಕೂತು ಬರೆದುಕೊಂಡರು. ಮೇಲೆ ಅಮ್ಮನ ಹೆಸರು, ಕೆಳಗೆ ಒಂದು ಗೆರೆ, ಗೆರೆಯ ತುದಿಯಲ್ಲಿ ನನ್ನ ಹೆಸರು. ‘ಬೇರೆ ಮಕ್ಕಳು?’ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಕ್ಕನೇ ‘ಇಲ್ಲ, ಇವಳೊಬ್ಬಳೇ’ ಎಂದು ಅವರ ಎದುರಿಗೆ ಚಹಾ ಇಟ್ಟು ಒಳಗೆ ಹೋದಳು. ನನಗೆ ಆಗ ಏನೂ ಅನಿಸಲಿಲ್ಲ. ಕಾನೂನಿನ ಕೆಲಸ, ಬೇಗ ಮುಗಿಯಿತಲ್ಲ ಎಂದಷ್ಟೇ ಅನಿಸಿತು.

ಬಹರೈನಿಗೆ ವಾಪಸು ಬಂದು ಎರಡು ತಿಂಗಳಾಗಿರಬೇಕು. ಒಂದು ಸಂಜೆ ಅಕ್ಕ ಫೋನ್ ಮಾಡಿದಳು. ಅದೂ ಇದೂ ಮಾತಾಡಿ ಕೊನೆಗೆ, ‘ಬಚ್ಚಲಿನ ನಳ್ಳಿ ಹಾಳಾಗಿದೆ. ಹೊಸತು ಹಾಕಿಸ್ಬಹುದಾ?’ ಎಂದಳು.

‘ಅದಕ್ಕೆ ನನ್ನತ್ರ ಯಾಕೆ ಕೇಳುದು?’

‘ಮನೆ ನಿನ್ನದಲ್ವಾ ಮಾರಾಯ್ತಿ.’

ಅವಳ ಮಾತಿನಲ್ಲಿ ಒಂದಿಷ್ಟೂ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನಾನೂ ನಾಲ್ಕು ಮಾತು ಆಡಿ ಜಗಳ ಮಾಡಿ ಹಗುರಾಗುತ್ತಿದ್ದೆ. ಚಿಕ್ಕವಳಿದ್ದಾಗ ಕೇಳದೆ ಅವಳ ಚಪ್ಪಲಿ ಹಾಕಿಕೊಂಡು ಹೋದೆನೆಂದು ಬೆನ್ನಿಗೆ ಗುದ್ದಿದವಳು ಅವಳು. ಈಗ ನಲವತ್ತು ವರ್ಷ ನೀರು ಕಾಯಿಸಿದ ಬಚ್ಚಲಿನ ನಳ್ಳಿಗೆ ನನ್ನ ಅಪ್ಪಣೆ ಕೇಳುತ್ತಿದ್ದಾಳೆ. ಆ ದಿನ ನನಗೆ ಊಟ ಸೇರಲಿಲ್ಲ. ಆ ಮನೆಯನ್ನು ಅವಳ ಹೆಸರಿಗೆ ದಾನಪತ್ರ ಮಾಡಿ ರಿಜಿಸ್ಟ್ರಿ ಮಾಡಿಸಿಯೇ ಬಿಡುತ್ತೇನೆ ಎಂದು ತಟ್ಟೆಯ ಮುಂದೆ ಕೂತೇ ನಿಶ್ಚಯಿಸಿದೆ.

ಗಂಡನಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಅಮ್ಮನ ಆಸ್ಪತ್ರೆಯ ಓಡಾಟಕ್ಕೆ ಅವರೇ ಟಿಕೆಟ್ ಮಾಡಿಸಿ ನನ್ನನ್ನು ಎಷ್ಟು ಸಲ ಕಳಿಸಿದ್ದಾರೋ. ಆದರೆ ಆ ದಿನ ಅವರು, ‘ಅವಳು ಇರುವಷ್ಟು ದಿನ ಇರ್ಲಿ ಅಂತ ಬರ್ದು ಕೊಡು. ಯಾರು ಬೇಡ ಹೇಳ್ತಾರೆ? ಪೂರಾ ಯಾಕೆ ಕೊಡುದು?’ ಎಂದರು. ‘ನಮಗೆ ಊರಲ್ಲಿ ಬೇರೆ ಎಂತ ಉಂಟು?’

ಅದು ನಿಜ. ಅವರ ಕಡೆಯ ಮನೆ ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ಹಂಚಿ, ಅವರ ಪಾಲಿಗೆ ಬಂದದ್ದು ತಮ್ಮನ ವಶದಲ್ಲಿದೆ. ಇಲ್ಲಿ ನಾವು ಎಷ್ಟು ವರ್ಷ ಇದ್ದರೂ ವೀಸಾ ಇರುವಷ್ಟು ದಿನದವರು. ಆದರೂ ನನಗೆ ಸಿಟ್ಟು ನೆತ್ತಿಗೇರಿತು. ‘ಬಾಡಿಗೆಗೆ ಇರುವವರಿಗೆ ಬರ್ದು ಕೊಟ್ಟ ಹಾಗೆ ಅಕ್ಕನಿಗೆ ಬರ್ದು ಕೊಡುದಾ?’ ಎಂದು ಪಾತ್ರೆ ಕುಕ್ಕಿದೆ. ಅವರು ಹೇಳಿದ್ದು ನನ್ನ ತಲೆಯಲ್ಲೂ ಒಂದು ಸಲ ಬಂದುಹೋಗಿತ್ತು ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.

ರಜೆ ಇಲ್ಲದ್ದರಿಂದ ನಾನೇ ಹೋಗುವಂತಿರಲಿಲ್ಲ. ನನ್ನ ಪರವಾಗಿ ರುಜು ಹಾಕಲು ಊರಿನಲ್ಲಿರುವ ಮಾವನ ಮಗ, ಅಂದರೆ ಭಾವನಿಗೆ ಪವರ್ ಆಫ್ ಅಟಾರ್ನಿ ಕೊಡುವುದೆಂದಾಯಿತು. ಇಲ್ಲಿಯ ನಮ್ಮ ರಾಯಭಾರ ಕಚೇರಿಯಲ್ಲಿ ರುಜು ಹಾಕಿ, ಮೊಹರು ಹಾಕಿಸಿ, ಕೊರಿಯರ್ ಮಾಡಿದರೆ ಅಲ್ಲಿ ಭಾವ ಅದನ್ನು ಹಿಡಿದು ಸಬ್ ರಿಜಿಸ್ಟ್ರಾರ್ ಎದುರು ದಾನಪತ್ರಕ್ಕೆ ರುಜು ಹಾಕಬಹುದು. ತಾಲೂಕು ಪೇಟೆಯಲ್ಲಿ ರಿಜಿಸ್ಟ್ರಿ ಕಚೇರಿಯ ಎದುರಿಗೆ ಕೂರುವ ಹಳೆಯ ಪತ್ರ ಬರಹಗಾರರೊಬ್ಬರು ಇದ್ದಾರೆ. ಅವರೇ ಒಕ್ಕಣೆ ಟೈಪ್ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸಿದರು. ಖಾಲಿ ಬಿಟ್ಟ ಜಾಗಗಳನ್ನು ನಾನು ತುಂಬಬೇಕಿತ್ತು. ಸರ್ವೆ ನಂಬರು, ಚೆಕ್ಕುಬಂದಿ, ಪಾಸ್‌ಪೋರ್ಟ್ ನಂಬರು ಎಲ್ಲವನ್ನೂ ಮೂರು ಮೂರು ಸಲ ತಾಳೆ ನೋಡಿದೆ. ‘ದಾನ ಪಡೆಯುವವರೊಂದಿಗೆ ಸಂಬಂಧ’ ಎಂಬಲ್ಲಿ ಮಾತ್ರ ಏನನ್ನೂ ನೋಡಲಿಲ್ಲ, ಯೋಚಿಸಲೂ ಇಲ್ಲ. ನನ್ನ ಹೆಸರು ಬರೆದಷ್ಟೇ ಸಲೀಸಾಗಿ ಬರೆದೆ.

ರಾಯಭಾರ ಕಚೇರಿಯ ಕೌಂಟರಿನಲ್ಲಿದ್ದವರು ಉತ್ತರ ಭಾರತದ ಕಡೆಯ ಹಿರಿಯರು. ಕನ್ನಡದ ಕಾಗದದ ಜೊತೆಗಿದ್ದ ಇಂಗ್ಲಿಷ್ ಪ್ರತಿಯನ್ನು ಸಮಾಧಾನದಿಂದ ಓದಿದರು. ಅಕ್ಕನ ಆಧಾರ್ ಕಾರ್ಡಿನ ನಕಲನ್ನೂ ನೋಡಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ‘ಸಗೀ ಬೆಹೆನ್?’ ಎಂದು ಕೇಳಿದರು. ಒಡಹುಟ್ಟಿದವಳಾ ಎಂದು.

ಹಿಂದಿಯಲ್ಲಿ ಅದಕ್ಕೆ ಬೇರೆ ಬೇರೆ ಪದಗಳಿವೆ ಎಂದು ನನಗೆ ಗೊತ್ತಿಲ್ಲದೇ ಇಲ್ಲ. ಇಪ್ಪತ್ತೆರಡು ವರ್ಷ ಈ ಊರಿನಲ್ಲಿ ಮಾತಾಡಿದ್ದು ಹೆಚ್ಚು ಹಿಂದಿಯನ್ನೇ. ಆದರೂ ಆ ಕ್ಷಣ ನನ್ನ ಬಾಯಿಂದ ಬಂದದ್ದು, ‘ಹಾಂ ಜೀ, ಸಗೀ.’ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲಿಲ್ಲ. ಅಲ್ಲ ಎಂದಿದ್ದರೆ ಸುಳ್ಳು ಹೇಳಿದ ಹಾಗೆ ಅನಿಸುತ್ತಿತ್ತು. ಅವರು ತಲೆಯಾಡಿಸಿ ಮೊಹರು ಒತ್ತಿದರು. ನಾನು ಹೊರಗೆ ಬಂದು ಟ್ಯಾಕ್ಸಿ ಹತ್ತಿ ಅಕ್ಕನಿಗೆ ಫೋಟೋ ಕಳಿಸಿದೆ. ಅವಳು ಬಹಳ ಹೊತ್ತಿನ ಮೇಲೆ ‘ಮೊಹರು ಭಾರಿ ಚಂದ ಉಂಟು’ ಎಂದು ವಾಯ್ಸ್ ಮೆಸೇಜ್ ಹಾಕಿದಳು. ಮನೆಯ ವಿಷಯ ಎತ್ತಲೇ ಇಲ್ಲ. ಖುಷಿಯಾದರೆ ಅವಳು ಹಾಗೆಯೇ, ಬೇರೇನಾದರೂ ಮಾತಾಡುತ್ತಾಳೆ.

ಕೊರಿಯರ್ ಊರು ಮುಟ್ಟುವ ವಾರದಲ್ಲಿ ಇಲ್ಲಿ ಇನ್ನೊಂದು ಸುದ್ದಿ ಬಂತು. ಗಂಡನ ಕಂಪನಿ ಈ ವರ್ಷದ ಕೊನೆಗೆ ಬಹರೈನಿನ ಕಚೇರಿ ಮುಚ್ಚುತ್ತದಂತೆ. ಅವರಿಗೆ ಐವತ್ತೆಂಟು. ಈ ವಯಸ್ಸಿಗೆ ಇಲ್ಲಿ ಬೇರೆ ಕೆಲಸ ಸಿಕ್ಕುವುದು ಕಷ್ಟ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಮನೆಯ ವಿಷಯವನ್ನು ಮತ್ತೆ ಎತ್ತಲಿಲ್ಲ. ಸೋಫಾದಲ್ಲಿ ಕೂತು ಫೋನಿನಲ್ಲಿ ಊರಿನ ಮನೆಯ ಹಳೆಯ ಫೋಟೋ ಒಂದನ್ನು ದೊಡ್ಡದು ಮಾಡಿ ನೋಡುತ್ತಿದ್ದರು. ಹಿಂದಿನಿಂದ ಹೋಗುವಾಗ ನನ್ನ ಕಣ್ಣಿಗೆ ಬಿತ್ತು. ಮೇಲೊಂದು ಮಹಡಿ ಎತ್ತಬಹುದಾ ಎಂದು ಲೆಕ್ಕ ಹಾಕುತ್ತಿದ್ದಾರೆ ಎಂದು ಕೇಳದೆಯೇ ಗೊತ್ತಾಯಿತು.

ಮರುದಿನ ನಾನು ಆಫೀಸಿನಲ್ಲಿದ್ದಾಗ ಭಾವ ಫೋನ್ ಮಾಡಿದ. ‘ಇದು ಆಗುದಿಲ್ಲ ಮಾರಾಯ್ತಿ,’ ಎಂದ. ‘ಅಕ್ಕ ಅಂತ ಬರ್ದಿದ್ದಿ ನೀನು. ಅವಳ ತಾಯಿಯ ಹೆಸ್ರು ಬೇರೆ, ನಿನ್ನ ತಾಯಿಯ ಹೆಸ್ರು ಬೇರೆ. ವಂಶವೃಕ್ಷದಲ್ಲಿ ನೀನೊಬ್ಬಳೇ. ಒಡಹುಟ್ಟಿದವರು ಅಂತ ಎಲ್ಲಿಂದ ರುಜುವಾತು ತರುದು ಅಂತ ಪತ್ರ ಬರೆಯುವವರು ಕೇಳ್ತಿದ್ದಾರೆ.’

ಮಾಡಿದ್ದೆಲ್ಲ ವ್ಯರ್ಥವಾಯಿತಲ್ಲ ಎಂದುಕೊಂಡೆ. ಅದರ ಜೊತೆಗೇ ಇನ್ನೊಂದು ನಡೆಯಿತು, ಅದನ್ನೂ ಬರೆಯುತ್ತೇನೆ. ನನ್ನೊಳಗೆ ಎಲ್ಲೋ ಯಾರೋ ಉಸ್ಸೆಂದು ಕುರ್ಚಿಗೆ ಒರಗಿ ಕೂತ ಹಾಗಾಯಿತು. ಕೆಲಸ ನಿಂತಿತಲ್ಲ, ನಿಲ್ಲಿಸಿದ್ದು ನಾನಲ್ಲವಲ್ಲ ಎಂದು. ನನಗೇ ನಾಚಿಕೆಯಾಗಿ, ಆ ನಾಚಿಕೆಯನ್ನೆಲ್ಲ ಸಿಟ್ಟು ಮಾಡಿಕೊಂಡು ಪತ್ರ ಬರಹಗಾರರಿಗೆ ಫೋನ್ ಮಾಡಿದೆ.

ಅವರು ಪಾಪ ಸಾವಧಾನದ ಮನುಷ್ಯ. ‘ನೋಡಿ ಅಮ್ಮ, ಅಕ್ಕತಂಗಿಯರಾದ್ರೆ ಪತ್ರ ಒಂದು ರೀತಿ, ಹೊರಗಿನವರಾದ್ರೆ ಇನ್ನೊಂದು ರೀತಿ, ಸ್ಟಾಂಪ್ ಡ್ಯೂಟಿಯೂ ಬೇರೆ. ತಪ್ಪು ಬರ್ದು ರಿಜಿಸ್ಟ್ರಿ ಮಾಡಿದ್ರೆ ಮುಂದೆ ನಿಮ್ಮ ಅಕ್ಕನಿಗೇ ತೊಂದರೆ,’ ಎಂದರು. ಅವರ ಬಾಯಲ್ಲೂ ‘ನಿಮ್ಮ ಅಕ್ಕ’ ಎಂದೇ ಬಂತು. ಅದು ಅವರಿಗೂ ತಿಳಿದು ಒಂದು ಸಲ ಕೆಮ್ಮಿದರು. ಹೊಸ ಒಕ್ಕಣೆ ಕಳಿಸುತ್ತೇನೆ, ಅದಕ್ಕೆ ರುಜು ಹಾಕಿ ಇನ್ನೊಮ್ಮೆ ಮೊಹರು ಮಾಡಿಸಿ ಕಳಿಸಿ, ದಾನಪತ್ರದಲ್ಲೂ ಅದೇ ಸಾಲು ಬರುತ್ತದೆ ಎಂದರು.

ಹೊಸ ಒಕ್ಕಣೆ ಮಧ್ಯಾಹ್ನದ ಹೊತ್ತಿಗೆ ಬಂತು. ‘ದಾನ ಪಡೆಯುವವರು ನನ್ನ ಒಡಹುಟ್ಟಿದ ಸಹೋದರಿಯಾಗಿರುವುದಿಲ್ಲ ಮತ್ತು ನನ್ನ ಕುಟುಂಬದ ಸದಸ್ಯರಾಗಿರುವುದಿಲ್ಲ. ಸದರಿಯವರು ನನಗೆ ಪರಿಚಿತರಾಗಿದ್ದು, ಅವರ ಮೇಲಿನ ಪ್ರೀತಿ ವಿಶ್ವಾಸದಿಂದ ಈ ಸ್ವತ್ತನ್ನು...’

ಪರಿಚಿತರು! ಮುಖಕ್ಕೆ ಹೊಡೆದ ಹಾಗಾಯಿತು. ಕೆಳಗಿನ ಬಕಾಲೆಯ ದಿನಸಿ ಅಂಗಡಿಯವನು ನನಗೆ ಪರಿಚಿತ. ಬಾಡಿಗೆಯ ಕರಾರಿಗೆ ಬರುವ ಏಜೆಂಟು ಪರಿಚಿತ. ನಾನು ಮತ್ತೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಮಾತಾಡಿದೆ. ‘ಅದು ಎಲ್ಲರಿಗೂ ಹಾಕುವ ಸಾಲು ಅಮ್ಮ,’ ಎಂದರು ಅವರು. ಬಹಳ ಹೊತ್ತು ಹಗ್ಗಜಗ್ಗಾಟ ಮಾಡಿದ ಮೇಲೆ ‘ಪರಿಚಿತರು’ ತೆಗೆದು ‘ನನ್ನ ತಾಯಿಯ ಅಕ್ಕನ ಮಗಳು’ ಎಂದು ಹಾಕಲು ಒಪ್ಪಿದರು. ಆದರೆ ಒಡಹುಟ್ಟಿದವಳಲ್ಲ, ಕುಟುಂಬದ ಸದಸ್ಯಳಲ್ಲ ಎಂಬುದು ಇರಲೇಬೇಕಂತೆ. ಅದಿಲ್ಲದಿದ್ದರೆ ಕಾಗದ ನಿಲ್ಲುವುದಿಲ್ಲವಂತೆ.

ಫೋನ್ ಇಟ್ಟು ನೋಡಿದರೆ ಪಕ್ಕದ ಮೇಜಿನ ಬಹರೈನಿ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಅರಾದ್ ಕಡೆಯವಳು, ನನಗಿಂತ ಎರಡು ವರ್ಷ ಹಿರಿಯಳು, ಹದಿನೈದು ವರ್ಷದಿಂದ ನನ್ನ ಜೊತೆ ಕೆಲಸ ಮಾಡುವವಳು. ನಮ್ಮ ಮಾತುಕತೆ ಹಿಂದಿ, ಇಂಗ್ಲಿಷ್, ಅರಬಿ ಎಲ್ಲವನ್ನೂ ಕಲಸಿದ್ದು. ಏನಾಯಿತು ಎಂದು ಕೇಳಿದಳು. ಹೇಳಿದೆ. ‘ಓ, ಬಿಂತ್ ಖಾಲಾ,’ ಎಂದಳು. ತಾಯಿಯ ಅಕ್ಕತಂಗಿಯ ಮಗಳು. ಅವರಲ್ಲಿ ಅದಕ್ಕೊಂದು, ಚಿಕ್ಕಪ್ಪನ ಮಗಳಿಗೊಂದು, ಎಲ್ಲದಕ್ಕೂ ಬೇರೆ ಬೇರೆ ಪದ. ನಾನು ಅಲ್ಲ ಅಲ್ಲ ಎಂದು ತಲೆಯಾಡಿಸಿ, ಅಮ್ಮ ಅವಳಿಗೆ ಮೊಲೆಯೂಡಿಸಿದ್ದನ್ನೂ ಹೇಳಿದೆ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ‘ಹಾಗಾದರೆ ಮೊದಲೇ ಹೇಳಬಾರದೇ? ಒಂದೇ ತಾಯಿಯ ಹಾಲು ಕುಡಿದವರು ನಮ್ಮಲ್ಲಿ ಅಕ್ಕತಂಗಿಯರೇ. ಧರ್ಮದಲ್ಲೇ ಇದೆ. ಹಾಲು ಕುಡಿದವಳು ಆ ತಾಯಿಯ ಗಂಡುಮಕ್ಕಳನ್ನು ಮದುವೆಯಾಗುವ ಹಾಗೂ ಇಲ್ಲ.’

ನನಗೆ ಆಸೆ ಚಿಗುರಿತು. ಯಾವ ಆಸೆಯೋ, ಅವರ ಕಾನೂನು ನಮ್ಮ ತಾಲೂಕಿನಲ್ಲಿ ನಡೆಯುತ್ತದೆಯೇ? ಆದರೂ, ‘ಆಸ್ತಿ?’ ಎಂದು ಕೇಳಿದೆ.

ಅವಳು ಇಲ್ಲವೆಂದು ಕೈಯಾಡಿಸಿದಳು. ‘ಹಾಲಿನಿಂದ ಆಸ್ತಿ ಬರುವುದಿಲ್ಲ ಹಬೀಬ್ತಿ,’ ಎಂದಳು, ನನ್ನ ಚಿನ್ನ ಎನ್ನುವ ಹಾಗೆ. ಆಮೇಲೆ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಳು. ಆಫೀಸಿನಲ್ಲಿ ನಾನು ಅತ್ತದ್ದು ಅದೇ ಮೊದಲು.

ಎರಡನೆಯ ಸಲ ರಾಯಭಾರ ಕಚೇರಿಗೆ ಹೋದಾಗ ಕೌಂಟರಿನಲ್ಲಿ ಅದೇ ಹಿರಿಯರು ಇದ್ದರು. ಅವರಿಗೆ ನನ್ನ ನೆನಪಿರಲಿಲ್ಲ, ದಿನಕ್ಕೆ ಎಷ್ಟು ಜನರೋ. ಓದಿದರು, ಈ ಸಲ ಏನನ್ನೂ ಕೇಳಲಿಲ್ಲ. ಎಲ್ಲವೂ ಸರಿಯಾಗಿತ್ತು. ಪೆನ್ನು ಹಿಡಿದು ಆ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದೆ. ನಾನು ಬೇಡವೆಂದು ಎದ್ದು ಹೋಗಬಹುದಿತ್ತು. ಮುಂದಿನ ರಜೆಗೆ ಹೋಗಿ ಅವಳ ಪಕ್ಕ ಕೂತು ಎಲ್ಲ ವಿವರಿಸಿ ಮಾಡಬಹುದಿತ್ತು. ಆದರೆ ಮುಂದಿನ ರಜೆಯ ಹೊತ್ತಿಗೆ ವರ್ಷಾಂತ್ಯ ಬಂದಿರುತ್ತದೆ, ಗಂಡನ ಕೆಲಸ ಹೋಗಿರುತ್ತದೆ, ಆಗ ನನ್ನ ಮನಸ್ಸು ಹೀಗೆಯೇ ಇರುತ್ತದೆಂದು ನನಗೆ ಧೈರ್ಯವಿರಲಿಲ್ಲ. ಈಗ ಹಾಕದಿದ್ದರೆ ಎಂದೂ ಹಾಕುವುದಿಲ್ಲ ಎನಿಸಿತು. ನನ್ನ ಮೇಲೆ ನನಗೇ ನಂಬಿಕೆಯಿಲ್ಲದೆ ಅವಸರದಲ್ಲಿ ರುಜು ಹಾಕಿದೆ. ಇದರ ಫೋಟೋವನ್ನು ಅಕ್ಕನಿಗೆ ಕಳಿಸಲಿಲ್ಲ. ಏನೋ ಅಕ್ಷರ ತಪ್ಪಾಗಿತ್ತು, ಸರಿ ಮಾಡಿ ಕಳಿಸಿದ್ದೇನೆ ಎಂದಷ್ಟೇ ಹೇಳಿದೆ.

ರಿಜಿಸ್ಟ್ರಿಗೆ ಒಂದು ಶುಕ್ರವಾರ ಗೊತ್ತಾಯಿತು. ನಮಗಿಲ್ಲಿ ರಜೆ. ಬೆಳಿಗ್ಗೆಯಿಂದಲೇ ಫೋನನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಬಂಗುಡೆ ತೊಳೆಯುತ್ತಿದ್ದೆ. ಊರಿನ ಹನ್ನೊಂದು ಗಂಟೆಗೆ ಭಾವ, ‘ಬಂದಿದ್ದೇವೆ, ಹೊಸ ಸೀರೆ ಉಟ್ಟಿದ್ದಾಳೆ’ ಎಂದು ಮೆಸೇಜ್ ಹಾಕಿದ. ದಾನ ಕೊಡುವವರ ಪರವಾಗಿ ಅವನು, ದಾನ ಸ್ವೀಕರಿಸಿದ್ದೇನೆ ಎಂದು ಅವಳು, ಇಬ್ಬರೂ ರುಜು ಹಾಕಬೇಕು. ಹನ್ನೆರಡೂವರೆಗೆ ಅವನೇ ಫೋನ್ ಮಾಡಿದ. ಹಿನ್ನೆಲೆಯಲ್ಲಿ ಜನರ ಗದ್ದಲ.

‘ಅವಳು ಎದ್ದು ಹೋದ್ಳು,’ ಎಂದ.

‘ಎಲ್ಲಿಗೆ?’

‘ಮನೆಗೆ. ರುಜು ಹಾಕುವ ಮೊದ್ಲು ಒಮ್ಮೆ ಓದ್ತೇನೆ ಅಂತ ಕಾಗದ ತಗೊಂಡ್ಳು. ನಿನ್ನ ಪವರ್ ಪತ್ರವೂ ಅದರೊಟ್ಟಿಗೇ ಇತ್ತು. ಎರಡನ್ನೂ ಓದಿದ್ಳು. ಮಡಚಿ ಮೇಜಿನ ಮೇಲೆ ಇಟ್ಟು ಹೋದ್ಳು. ನಾನು ಕರ್ದೆ, ತಿರುಗಿ ನೋಡ್ಲಿಲ್ಲ. ಈಗ ಇಲ್ಲಿ ಕಚೇರಿಯ ಗೇಟಿನ ಹತ್ರ ಬಸ್ಸು ಹತ್ತಿದ್ಳು.’

ಮೀನಿನ ಕೈಯಲ್ಲೇ ಅಕ್ಕನಿಗೆ ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೆಯ ಸಲಕ್ಕೆ ಬಸ್ಸಿನ ಗಡಗಡ ಸದ್ದಿನ ನಡುವೆ ಅವಳ ದನಿ ಕೇಳಿಸಿತು.

‘ಎಂತ ಆಯ್ತು ಅಕ್ಕ? ಯಾಕೆ ಎದ್ದು ಬಂದದ್ದು?’

‘ಓದಿದೆ,’ ಎಂದಳು.

‘ಅದು ಕಾನೂನಿನ ಸಾಲು ಅಕ್ಕ. ಅವರೇ ಬರ್ದದ್ದು. ಅದಿಲ್ಲದಿದ್ರೆ ಆಗುದಿಲ್ಲ ಹೇಳಿದ್ರು.’

‘ಅವರು ಬರ್ದದ್ದು ಅಂತ ನನಗೂ ಗೊತ್ತುಂಟು. ಕೆಳಗೆ ನಿನ್ನ ರುಜು ಉಂಟಲ್ಲ.’

ಅವಳೇ ಮುಂದುವರಿಸಿದಳು. ದನಿ ಏರಿಸಲಿಲ್ಲ, ರವಿಕೆಯ ಅಳತೆ ಹೇಳುವಾಗ ಮಾತಾಡುವಷ್ಟೇ ನಿಧಾನ. ‘ನೀನು ಹಾಕಿದ್ದು ಹಾಕಿದ್ದಿ, ಅದಕ್ಕೆ ನಾನು ಎಂತ ಹೇಳುದಿಲ್ಲ. ಆದ್ರೆ ಅದರ ಕೆಳಗೆ ನಾನು ರುಜು ಹಾಕಿದ್ರೆ ನಾನೂ ಒಪ್ಪಿದ ಹಾಗೆ. ಅಮ್ಮನಿಗೂ ನನಗೂ ಎಂತ ಇಲ್ಲ ಅಂತ ನಾನೇ ಬರ್ದು ಕೊಟ್ಟ ಹಾಗೆ. ಅದು ನನ್ನಿಂದ ಆಗುದಿಲ್ಲ.’

‘ವಂಶವೃಕ್ಷ ಬರಿಯುವಾಗ ನೀನೇ ಹೇಳ್ಲಿಲ್ವಾ, ಇವಳೊಬ್ಬಳೇ ಅಂತ?’

‘ಅದು ನಾನು ಹೇಳಿದ್ದು. ನೀನು ಅಲ್ಲ ಹೇಳ್ತಿ ಅಂತ ಕಾದೆ.’

ಇಷ್ಟು ದಿನ ಹೊಟ್ಟೆಯೊಳಗಿದ್ದ ಎಲ್ಲವೂ, ಭಯ, ನಾಚಿಕೆ, ವರ್ಷಾಂತ್ಯ, ಎರಡೆರಡು ಸಲ ತಿರುಗಿದ ಕಚೇರಿ, ಒಟ್ಟಿಗೇ ನನ್ನ ನಾಲಿಗೆಗೆ ಬಂತು. ನಾನು ಕಿರುಚಿದೆ. ‘ಹಾಗಾದ್ರೆ ಮನೆ ಬೇಡ್ವಾ ನಿನಗೆ? ನಾಳೆ ನಾನು ಮಾರಿದ್ರೆ ಎಂತ ಮಾಡ್ತಿ? ಆ ಮೆಶಿನ್ ಹೊತ್ತುಕೊಂಡು ಎಲ್ಲಿಗೆ ಹೋಗ್ತಿ ಹೇಳು!’

ಬಸ್ಸು ಎಲ್ಲೋ ನಿಂತು ಮತ್ತೆ ಹೊರಟಿತು. ಕಂಡಕ್ಟರನ ಸೀಟಿ ಕೇಳಿಸಿತು.

‘ನೀನು ಮಾರುದಿಲ್ಲ,’ ಎಂದಳು ಅಕ್ಕ.

‘ಹೇಗೆ ಗೊತ್ತು ನಿನಗೆ?’

‘ನೀನು ನನ್ನ ತಂಗಿ ಅಲ್ವಾ?’

ನನ್ನನ್ನು ಚುಚ್ಚಬೇಕೆಂದು ಅವಳು ಹಾಗೆ ಹೇಳಲಿಲ್ಲ. ಅವಳಿಗೆ ಅದು ಪ್ರಶ್ನೆಯೂ ಆಗಿರಲಿಲ್ಲ. ರಿಜಿಸ್ಟ್ರಿ ಕಚೇರಿಯಲ್ಲಿ ಮೊಹರು ಹಾಕಿದ ಕಾಗದವನ್ನು ಬಿಟ್ಟು ಬಂದು, ಇರುವ ಒಂದು ಸೂರನ್ನು ಅವಳು ಈ ಒಂದು ಪದದ ಮೇಲೆ ಇಟ್ಟು ಕೂತಿದ್ದಳು. ತಲೆಯೆತ್ತಿದರೆ ಅಡಿಗೆಮನೆಯ ಬಾಗಿಲಲ್ಲಿ ಗಂಡ ನಿಂತಿದ್ದರು. ನಮ್ಮ ಮಾತು ಅವರಿಗೆ ಪೂರ್ತಿ ಕೇಳಿಸಿತ್ತು. ಅವರ ಮುಖದಲ್ಲಿ ಒಂದು ನೆಮ್ಮದಿ ಮೂಡುತ್ತಿತ್ತು, ಅದನ್ನು ಮರೆಮಾಚಲು ಅವರು ಕಷ್ಟಪಡುತ್ತಿದ್ದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ನನ್ನ ಮುಖ ಹೇಗಿತ್ತೆಂದು ನನಗೆ ಗೊತ್ತಿರಲಿಲ್ಲ.

‘ಹೌದಕ್ಕ,’ ಎಂದೆ. ಎರಡಕ್ಷರದ ಆ ಹೌದು ಹೊರಗೆ ಬರಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅಷ್ಟು ಹೊತ್ತು ಅವಳು ಕಾದಳು.

ಆಮೇಲೆ, ‘ಇಡ್ತೇನೆ, ನನ್ನ ಸ್ಟಾಪ್ ಬಂತು,’ ಎಂದು ಫೋನ್ ಇಟ್ಟಳು. ತಾಲೂಕು ಪೇಟೆಯಿಂದ ನಮ್ಮ ರೈಲ್ವೆ ಗೇಟಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅವಳು ಬಸ್ಸು ಹತ್ತಿ ಹತ್ತು ನಿಮಿಷವೂ ಆಗಿರಲಿಲ್ಲ.